ಒಂಬತ್ತನೆಯವರು ಯುರೋಪಿಗೆ, ಏಳನೆಯವರು ಮನೆಗೆ: ಕೊಪ್ಪಾ ಇಟಾಲಿಯಾದ ಲೆಕ್ಕಾಚಾರ

2025ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಇಟಲಿಯ ಫುಟ್‌ಬಾಲ್ ಸೂಪರ್ ಕಪ್ ನಡೆಯಿತು. ಹೆಸರು ಕೇಳಿದರೆ ಆ ದೇಶದ ಅತಿ ಬಲಿಷ್ಠ ನಾಲ್ಕು ತಂಡ ಆಡಿರಬೇಕು ಅನಿಸುತ್ತದೆ. ನಾಪೋಲಿ ಮತ್ತು ಇಂಟರ್ ಬಂದಿದ್ದವು, ಸರಿ. ಹಿಂದಿನ ಲೀಗ್‌ನಲ್ಲಿ ಮೊದಲೆರಡು ಸ್ಥಾನ ಅವುಗಳದ್ದೇ. ಇನ್ನೆರಡು ತಂಡ ಮಿಲಾನ್ ಮತ್ತು ಬೊಲೋನ್ಯಾ. ಲೀಗ್‌ನಲ್ಲಿ ಮಿಲಾನ್ ಎಂಟನೆಯದು, ಬೊಲೋನ್ಯಾ ಒಂಬತ್ತನೆಯದು. ಮೂರನೇ ಸ್ಥಾನದ ಅಟಲಾಂಟಾಗೂ ನಾಲ್ಕನೇ ಸ್ಥಾನದ ಜುವೆಂಟಸ್‌ಗೂ ಕರೆಯೇ ಇಲ್ಲ. ಆ ಒಂಬತ್ತನೇ ತಂಡ ಇಂಟರ್ ಅನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಫೈನಲ್‌ಗೂ ಹೋಯಿತು. ಅಲ್ಲಿ ನಾಪೋಲಿ 2–0ಯಿಂದ ಗೆದ್ದಿತು.

ಅದೇ ಬೊಲೋನ್ಯಾಗೆ ಆ ಸೀಸನ್‌ನಲ್ಲಿ ಯುರೋಪಾ ಲೀಗ್‌ನ ಸೀಟೂ ಸಿಕ್ಕಿತ್ತು. ಅದಕ್ಕಿಂತ ಮೇಲಿದ್ದ ಲಾಜಿಯೊ ಮತ್ತು ಮಿಲಾನ್‌ಗೆ ಯುರೋಪಿನ ಯಾವ ಟೂರ್ನಿಯೂ ಇಲ್ಲ. ಫುಟ್‌ಬಾಲ್ ಅಷ್ಟಾಗಿ ನೋಡದವರಿಗೆ ಇದು ತಲೆಬುಡ ಇಲ್ಲದ ವ್ಯವಹಾರ. ನೋಡುವವರೂ ಒಮ್ಮೆ ಪೆನ್ನು ಹಿಡಿದು ಕೂರಬೇಕಾಗುತ್ತದೆ.

ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಕೊಪ್ಪಾ ಇಟಾಲಿಯಾ, ಅಂದರೆ ಇಟಲಿಯ ರಾಷ್ಟ್ರೀಯ ನಾಕೌಟ್ ಕಪ್. ಈ ಕಪ್ ಗೆದ್ದರೆ ಸಿಗುವುದು ಹಿಂದಿಗಿಂತ ಜಾಸ್ತಿಯಾಗಿದೆ. ಅದಕ್ಕೆ ಆಡಲು ಬಿಡುವ ತಂಡಗಳ ಸಂಖ್ಯೆ ಮಾತ್ರ ಕಡಿಮೆಯಾಗಿದೆ. ಗೊಂದಲದ ಬೇರು ಅಲ್ಲಿದೆ.

ಯುರೋಪಿನ ಸೀಟು ಹಂಚುವುದು ಹೇಗೆ?

ಇಟಲಿಯ ಮೊದಲ ದರ್ಜೆಯ ಲೀಗ್ ಸೀರಿ ಎ. ಅದರಲ್ಲಿ 20 ತಂಡ, ಒಬ್ಬೊಬ್ಬರಿಗೆ 38 ಪಂದ್ಯ. ಮಾಮೂಲಿ ವರ್ಷದಲ್ಲಿ ಮೊದಲ ನಾಲ್ವರು ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಹೋಗುತ್ತಾರೆ. ಐದನೆಯವರು ಅದರ ಕೆಳಗಿನ ಯುರೋಪಾ ಲೀಗ್‌ಗೆ. ಯುರೋಪಾ ಲೀಗ್‌ನ ಇನ್ನೊಂದು ಸೀಟು ಕೊಪ್ಪಾ ಇಟಾಲಿಯಾ ಗೆದ್ದವರಿಗೆ ಮೀಸಲು. ಆರನೆಯವರಿಗೆ ಮೂರನೇ ಹಂತದ ಕಾನ್ಫರೆನ್ಸ್ ಲೀಗ್. ಒಟ್ಟು ಏಳು ಸೀಟು.

ಇಲ್ಲಿ ತಿರುವು ಒಂದಿದೆ. ಕಪ್ ಗೆದ್ದ ತಂಡ ಲೀಗ್‌ನಲ್ಲೂ ಮೊದಲ ಐದರೊಳಗೆ ಇದ್ದರೆ ಅದಕ್ಕೆ ಕಪ್ಪಿನ ಸೀಟು ಬೇಕಾಗುವುದಿಲ್ಲ. ಆಗ ಆ ಸೀಟು ಲೀಗ್ ಪಟ್ಟಿಗೆ ಇಳಿಯುತ್ತದೆ: ಆರನೆಯವರು ಯುರೋಪಾ ಲೀಗ್‌ಗೆ, ಏಳನೆಯವರು ಕಾನ್ಫರೆನ್ಸ್ ಲೀಗ್‌ಗೆ. ಕಪ್ ಗೆದ್ದವರು ತೀರಾ ಕೆಳಗಿದ್ದರೆ ಸೀಟು ಅವರ ಬಳಿಯೇ ಉಳಿಯುತ್ತದೆ, ಏಳನೆಯವರು ಹೊರಗೆ.

2024–25ರಲ್ಲಿ ಆಗಿದ್ದು ಇದೇ. 2025ರ ಮೇ 14ರಂದು ರೋಮ್‌ನ ಒಲಿಂಪಿಕೊ ಅಂಗಣದಲ್ಲಿ ಬೊಲೋನ್ಯಾ 1–0ಯಿಂದ ಮಿಲಾನ್ ಅನ್ನು ಸೋಲಿಸಿತು. ಗೋಲು ಡಾನ್ ಎಂಡೋಯೆ ಹೊಡೆದದ್ದು, 53ನೇ ನಿಮಿಷದಲ್ಲಿ. ಭಾರತದಲ್ಲಿ ಆಗ ನಡುರಾತ್ರಿ ದಾಟಿತ್ತು, ಹೀಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಸುದ್ದಿ ಸಿಕ್ಕಿದ್ದು ಬೆಳಗ್ಗೆ. 1974ರ ನಂತರ ಬೊಲೋನ್ಯಾಗೆ ಸಿಕ್ಕ ಮೊದಲ ದೊಡ್ಡ ಟ್ರೋಫಿ ಅದು. ಕೋಚ್ ವಿನ್ಚೆಂಜೊ ಇಟಾಲಿಯಾನೊ ಅದಕ್ಕೂ ಮೊದಲು ಫಿಯೊರೆಂಟಿನಾದಲ್ಲಿದ್ದಾಗ ಒಂದು ಕೊಪ್ಪಾ ಫೈನಲ್, ಎರಡು ಕಾನ್ಫರೆನ್ಸ್ ಲೀಗ್ ಫೈನಲ್ ಸೋತಿದ್ದವರು.

ಲೀಗ್ ಮುಗಿದಾಗ ಫಿಯೊರೆಂಟಿನಾ ಮತ್ತು ಲಾಜಿಯೊ ಎರಡಕ್ಕೂ 65 ಪಾಯಿಂಟ್. ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಫಿಯೊರೆಂಟಿನಾ ಆರನೆಯದಾಯಿತು, ಲಾಜಿಯೊ ಏಳನೆಯದು. ಬೊಲೋನ್ಯಾಗೆ 62. ಮೂರು ಪಾಯಿಂಟ್ ಮುಂದಿದ್ದವರು ಹೊರಗೆ, ಹಿಂದಿದ್ದವರು ಒಳಗೆ.

ಲಾಜಿಯೊ ಪಾಲಿಗೆ ಆ ಫೈನಲ್‌ನಲ್ಲಿ ಯಾರು ಗೆದ್ದರೂ ಒಂದೇ ಆಗಿತ್ತು ಅನ್ನುವುದು ಗಮನಿಸಬೇಕಾದ ವಿಷಯ. ಮಿಲಾನ್ ಗೆದ್ದಿದ್ದರೆ ಆ ಸೀಟು ಎಂಟನೇ ಸ್ಥಾನದ ಮಿಲಾನ್‌ಗೆ ಹೋಗುತ್ತಿತ್ತು. ಲಾಜಿಯೊಗೆ ಅನುಕೂಲ ಆಗಬೇಕಿದ್ದರೆ ಲೀಗ್‌ನಲ್ಲಿ ಮೇಲಿದ್ದ ಇಂಟರ್ ಕಪ್ ಗೆಲ್ಲಬೇಕಿತ್ತು. ಆದರೆ ಇಂಟರ್ ಸೆಮಿಫೈನಲ್‌ನಲ್ಲೇ ಮಿಲಾನ್‌ಗೆ ಸೋತಿತ್ತು. ಅದಕ್ಕೂ ಮೊದಲು, ಕ್ವಾರ್ಟರ್‌ಫೈನಲ್‌ನಲ್ಲಿ, ಲಾಜಿಯೊವನ್ನು ಮನೆಗೆ ಕಳಿಸಿದ್ದು ಇದೇ ಇಂಟರ್.

ಒಂದು ವರ್ಷ ಹಿಂದೆ ಎಲ್ಲ ಉಲ್ಟಾ. 2024ರಲ್ಲಿ ಕಪ್ ಗೆದ್ದದ್ದು ಜುವೆಂಟಸ್, ಅದು ಲೀಗ್‌ನಲ್ಲಿ ಮೂರನೆಯದು. ಜೊತೆಗೆ ಇಟಲಿಯ ಕ್ಲಬ್‌ಗಳು ಆ ವರ್ಷ ಯುರೋಪಿನಲ್ಲಿ ಚೆನ್ನಾಗಿ ಆಡಿದ್ದರಿಂದ ಚಾಂಪಿಯನ್ಸ್ ಲೀಗ್‌ನ ಐದನೇ ಸೀಟು ಬೋನಸ್ ಆಗಿ ಬಂತು. ಪರಿಣಾಮ: ಏಳನೆಯ ಲಾಜಿಯೊ ಯುರೋಪಾ ಲೀಗ್‌ಗೆ, ಎಂಟನೆಯ ಫಿಯೊರೆಂಟಿನಾ ಕಾನ್ಫರೆನ್ಸ್ ಲೀಗ್‌ಗೆ. ಸತತ ಎರಡು ವರ್ಷ ಏಳನೇ ಸ್ಥಾನ, ಒಮ್ಮೆ ಯುರೋಪಾ ಲೀಗ್, ಇನ್ನೊಮ್ಮೆ ಏನೂ ಇಲ್ಲ. ಲಾಜಿಯೊ ಅಭಿಮಾನಿಗಳು ತಲೆ ಚಚ್ಚಿಕೊಂಡರೆ ತಪ್ಪೇನಿಲ್ಲ ಅಲ್ವಾ?

ಫೈನಲ್ ಸೋತವರಿಗೆ ಯುರೋಪಿನ ಸೀಟು ಸಿಗುವುದಿಲ್ಲ. ಮೊದಲು ಕಪ್ ಗೆದ್ದವರು ಚಾಂಪಿಯನ್ಸ್ ಲೀಗ್‌ಗೆ ಹೋದರೆ ಆ ಸೀಟು ಸೋತ ಫೈನಲಿಸ್ಟ್‌ಗೆ ಬರುತ್ತಿತ್ತು. 2015ರಿಂದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಅದನ್ನು ನಿಲ್ಲಿಸಿತು. ಅವರಿಗೆ ಸಮಾಧಾನಕ್ಕೆ ಉಳಿದಿರುವುದು ಸೂಪರ್ ಕಪ್. ಮೊದಲು ಲೀಗ್ ಗೆದ್ದವರು ಮತ್ತು ಕಪ್ ಗೆದ್ದವರು ಆಡುತ್ತಿದ್ದ ಒಂದೇ ಪಂದ್ಯ ಅದು. 2024ರ ಜನವರಿಯಿಂದ ಅದನ್ನು ಸೌದಿಯಲ್ಲಿ ನಾಲ್ಕು ತಂಡಗಳ ಟೂರ್ನಿ ಮಾಡಿದರು: ಲೀಗ್‌ನ ಮೊದಲಿಬ್ಬರು, ಕಪ್ಪಿನ ಫೈನಲ್ ಆಡಿದ ಇಬ್ಬರು. ಎಂಟನೇ ಸ್ಥಾನದ ಮಿಲಾನ್ ರಿಯಾದ್‌ಗೆ ವಿಮಾನ ಹತ್ತಿದ್ದು ಹೀಗೆ.

ಐದು ಪಂದ್ಯ, ಒಂದು ಕಪ್

ಈಗ ಕಪ್ ನಡೆಯುವ ರೀತಿ ನೋಡೋಣ. 2021–22ರಿಂದ ಕೊಪ್ಪಾ ಇಟಾಲಿಯಾದಲ್ಲಿ ಆಡುವುದು 44 ತಂಡ. ಸೀರಿ ಎಯ 20, ಎರಡನೇ ದರ್ಜೆಯಾದ ಸೀರಿ ಬಿಯ 20, ಮೂರನೇ ದರ್ಜೆಯಾದ ಸೀರಿ ಸಿಯಿಂದ ಬರೀ ನಾಲ್ಕು. ಸೀರಿ ಸಿಯಲ್ಲಿ ಇರುವುದು 60 ಕ್ಲಬ್. ಅಂದರೆ 56 ಕ್ಲಬ್‌ಗಳಿಗೆ ದೇಶದ ಕಪ್ಪಿನಲ್ಲಿ ಜಾಗವೇ ಇಲ್ಲ. ಅದರ ಕೆಳಗಿನ ಅಮೆಚೂರ್ ಸೀರಿ ಡಿ ಕೇಳಲೇಬೇಡಿ.

ಆಡುವ 44ರಲ್ಲೂ ಎಲ್ಲರೂ ಒಂದೇ ದಿನ ಶುರು ಮಾಡುವುದಿಲ್ಲ. ಸೀರಿ ಸಿಯ ನಾಲ್ಕು ಮತ್ತು ಸೀರಿ ಬಿಯ ನಾಲ್ಕು ತಂಡ ಆಗಸ್ಟ್‌ನ ಉರಿಬಿಸಿಲಲ್ಲಿ ಪ್ರಾಥಮಿಕ ಸುತ್ತು ಆಡುತ್ತವೆ. ಇಟಲಿಗೆ ಇಟಲಿಯೇ ಸಮುದ್ರ ತೀರದಲ್ಲಿ ರಜೆ ಕಳೆಯುವ ಹೊತ್ತು ಅದು. ಆಮೇಲೆ ಮೊದಲ ಸುತ್ತಿನಲ್ಲಿ ಸೀರಿ ಎಯ 12 ತಂಡ ಸೇರಿಕೊಳ್ಳುತ್ತವೆ. ಹಿಂದಿನ ವರ್ಷದ ಸಾಧನೆಯಿಂದ ಶ್ರೇಯಾಂಕ ಪಡೆದ ಎಂಟು ತಂಡಗಳು ಬರುವುದು 16 ತಂಡ ಉಳಿಯುವ ಘಟ್ಟಕ್ಕೆ, ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ. ಊರೆಲ್ಲ ವಾರಗಟ್ಟಲೆ ದುಡಿದು ಜಾತ್ರೆ ಸಜ್ಜು ಮಾಡಿದ ಮೇಲೆ ತೇರು ಎಳೆಯುವ ಹೊತ್ತಿಗೆ ಮಿನುಗುವ ಅಂಗಿ ಹಾಕಿಕೊಂಡು ಬಂದು ಹಗ್ಗ ಹಿಡಿಯುವ ಗಣ್ಯರ ಹಾಗೆ.

ಹಗ್ಗ ಹಿಡಿಯುವುದೂ ತಮ್ಮದೇ ಮನೆ ಮುಂದೆ. 16ರ ಘಟ್ಟದಲ್ಲಿ ಶ್ರೇಯಾಂಕದ ತಂಡಕ್ಕೇ ತವರಿನ ಅಂಗಣ. ಕ್ವಾರ್ಟರ್‌ಫೈನಲ್‌ನಲ್ಲೂ ಮೇಲಿನ ಶ್ರೇಯಾಂಕದವರದ್ದೇ ಅಂಗಣ. ಸೆಮಿಫೈನಲ್ ಮಾತ್ರ ಎರಡು ಪಂದ್ಯ, ಒಬ್ಬೊಬ್ಬರ ಅಂಗಣದಲ್ಲಿ ಒಂದೊಂದು. ಕೊನೆಗೆ ರೋಮ್‌ನಲ್ಲಿ ಫೈನಲ್. ಶ್ರೇಯಾಂಕದ ತಂಡ ಐದು ಪಂದ್ಯ ಆಡಿ ಕಪ್ ಎತ್ತಬಹುದು. ಸೀರಿ ಸಿಯ ತಂಡ ಅದೇ ಕಪ್ ಎತ್ತಬೇಕಾದರೆ ಎಂಟು ಪಂದ್ಯ ಆಡಬೇಕು.

ಬೊಲೋನ್ಯಾದ ಗೆಲುವನ್ನು ‘ಸಣ್ಣವರ ಗೆಲುವು’ ಅಂತ ಬರೆದವರು ಈ ಭಾಗವನ್ನು ಹಾಗೇ ಬಿಟ್ಟುಬಿಟ್ಟರು. ಹಿಂದಿನ ವರ್ಷ ಲೀಗ್‌ನಲ್ಲಿ ಐದನೆಯದಾಗಿದ್ದರಿಂದ ಬೊಲೋನ್ಯಾಗೂ ಶ್ರೇಯಾಂಕ ಇತ್ತು. ಮೊನ್ಜಾ, ಅಟಲಾಂಟಾ, ಎಂಪೊಲಿ ಜೊತೆ ಎರಡು ಸಲ, ಆಮೇಲೆ ಮಿಲಾನ್: ಐದು ಪಂದ್ಯ, ಐದೂ ಗೆಲುವು. ಚೆನ್ನಾಗಿ ಆಡಿ ಗೆದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹೋದದ್ದು ದೊಡ್ಡವರಿಗೆಂದೇ ಮಾಡಿದ ದಾರಿಯಲ್ಲಿ.

ಮರುವರ್ಷದ ವಿಚಿತ್ರ ಇನ್ನೂ ಚೆಂದ. ಕಪ್ ಗೆದ್ದವರಿಗೆ ಶ್ರೇಯಾಂಕ ಖಚಿತ. ಒಂಬತ್ತನೇ ಸ್ಥಾನದ ಬೊಲೋನ್ಯಾ ಆ ಜಾಗ ಹಿಡಿದಾಗ ಎಂಟನೆಯ ಮಿಲಾನ್ ಜಾಗ ಕಳೆದುಕೊಂಡಿತು. ಮೇ ತಿಂಗಳಲ್ಲಿ ಫೈನಲ್ ಆಡಿದ ಮಿಲಾನ್ ಆಗಸ್ಟ್ 17ಕ್ಕೆ, ಇಂಟರ್ ಜೊತೆ ಹಂಚಿಕೊಂಡ ತನ್ನ ತವರಿನ ಅಂಗಣ ಸಾನ್ ಸಿರೊದಲ್ಲಿ, ಸೀರಿ ಬಿಯ ಬಾರಿ ವಿರುದ್ಧ ಮೊದಲ ಸುತ್ತು ಆಡುತ್ತಿತ್ತು. ಬಾರಿ, ಲೆಚ್ಚೆ ಇಬ್ಬರನ್ನೂ ದಾಟಿ ಡಿಸೆಂಬರ್‌ನಲ್ಲಿ ಲಾಜಿಯೊ ಅಂಗಣದಲ್ಲಿ 1–0ಯಿಂದ ಸೋತು ಹೊರಬಿತ್ತು.

ಅಲೆಸ್ಸಾಂಡ್ರಿಯಾದ ಪಯಣ

ಮೊದಲು ಹೀಗಿರಲಿಲ್ಲ. 2021ಕ್ಕೆ ಮುಂಚೆ 78 ತಂಡಗಳು ಆಡುತ್ತಿದ್ದವು. ಸೀರಿ ಸಿಯ ಒಂದು ದೊಡ್ಡ ಗುಂಪು, ಸೀರಿ ಡಿಯ ಕೆಲವು ಕ್ಲಬ್ ಕೂಡ ಇರುತ್ತಿದ್ದವು.

ಅದರಿಂದ ಏನಾಗುತ್ತಿತ್ತು ಅನ್ನುವುದಕ್ಕೆ 2015–16ರ ಅಲೆಸ್ಸಾಂಡ್ರಿಯಾ ಸಾಕು. ಟ್ಯೂರಿನ್ ಮತ್ತು ಜೆನೊವಾ ನಡುವಿನ ಮಧ್ಯಮ ಗಾತ್ರದ ಊರು. ಇಟಲಿಯ ದಿಗ್ಗಜ ಜಾನ್ನಿ ರಿವೆರಾ ಅಲ್ಲಿಯವರೇ. ಆಗ ತಂಡ ಇದ್ದದ್ದು ಮೂರನೇ ದರ್ಜೆಯಲ್ಲಿ. ಆ ವರ್ಷ ಅವರು ಪಲೆರ್ಮೊಗೆ ಹೋಗಿ 3–2ರಿಂದ ಗೆದ್ದರು. ಜೆನೊವಾ ತಂಡದ ಅಂಗಣಕ್ಕೆ ಹೋಗಿ ಹೆಚ್ಚುವರಿ ಸಮಯದಲ್ಲಿ 2–1ರಿಂದ ಗೆದ್ದರು. ಆಮೇಲೆ ಸ್ಪೆಜಿಯಾದಲ್ಲೂ 2–1. ಗಮನಿಸಿ, ಮೂರೂ ಎದುರಾಳಿಗಳ ಊರಿನಲ್ಲೇ. ಮೂರನೇ ದರ್ಜೆಯ ತಂಡ ಸೆಮಿಫೈನಲ್‌ಗೆ ಬಂದದ್ದು 1984ರ ಬಾರಿ ನಂತರ ಅದೇ ಮೊದಲು.

ಸೆಮಿಫೈನಲ್‌ನಲ್ಲಿ ಎದುರಾಳಿ ಮಿಲಾನ್. ಕೊನೆಗೂ ತವರಿನ ಪಂದ್ಯ ಸಿಕ್ಕಿತು. ಆದರೆ ಅವರ ಮೊಕ್ಕಗಟ್ಟಾ ಅಂಗಣ ಅಂಥ ಪಂದ್ಯಕ್ಕೆ ತೀರಾ ಚಿಕ್ಕದು. ಹಾಗಾಗಿ ಆ ‘ತವರಿನ’ ಪಂದ್ಯ ಸುಮಾರು 90 ಕಿ.ಮೀ. ದೂರದ ಟ್ಯೂರಿನ್‌ನಲ್ಲಿ ನಡೆಯಿತು. ಮಾರಿಯೊ ಬಾಲೊಟೆಲ್ಲಿಯ ಪೆನಾಲ್ಟಿಯಿಂದ ಮಿಲಾನ್ 1–0, ಆಮೇಲೆ ಸಾನ್ ಸಿರೊದಲ್ಲಿ 5–0. ಅಂದರೆ ಹಳೆಯ ಪದ್ಧತಿ ಸಣ್ಣವರ ಪರ ಇತ್ತು ಅಂತಲ್ಲ. ಒಳಗೆ ಬರಲು ಬಿಡುತ್ತಿತ್ತು, ಅಷ್ಟೇ.

2017ರ ಡಿಸೆಂಬರ್‌ನಲ್ಲಿ ಸೀರಿ ಸಿಯ ಪೊರ್ಡೆನೊನೆ ಇದೇ ಸಾನ್ ಸಿರೊದಲ್ಲಿ ಇಂಟರ್ ಅನ್ನು 120 ನಿಮಿಷ ಗೋಲಿಲ್ಲದೆ ತಡೆದು, ಪೆನಾಲ್ಟಿಯಲ್ಲಿ 5–4ರಿಂದ ಸೋತಿತು. ಅಂಥ ರಾತ್ರಿಗಳು ಹೊಸ ಪದ್ಧತಿಯಲ್ಲಿ ಅಸಾಧ್ಯ ಅಲ್ಲ. ಆದರೆ ಅಲ್ಲಿಗೆ ಮುಟ್ಟಬಲ್ಲ ತಂಡಗಳ ಸಂಖ್ಯೆಯೇ ನಾಲ್ಕು.

ಇನ್ನೂ ಹಿಂದೆ ಹೋದರೆ ಒಂದು ತಮಾಷೆ ಸಿಗುತ್ತದೆ. 1922ರಲ್ಲಿ ಈ ಕಪ್ ಶುರುವಾದಾಗ ದೊಡ್ಡ ಕ್ಲಬ್‌ಗಳು ಫೆಡರೇಶನ್ ಜೊತೆ ಜಗಳ ಆಡಿ ಬೇರೆ ಲೀಗ್ ಮಾಡಿಕೊಂಡಿದ್ದವು. ಉಳಿದವರು ಸೇರಿ ಆಡಿದರು. ಗೆದ್ದದ್ದು ಸವೋನಾ ಪಕ್ಕದ ಪುಟ್ಟ ಬಂದರು ಊರು ವಾಡೊ. ಫೈನಲ್‌ನಲ್ಲಿ ಉದಿನೆಸೆ ವಿರುದ್ಧ ಒಂದೇ ಗೋಲು, ಅದನ್ನು ಹೊಡೆದದ್ದು 17 ವರ್ಷದ ಹುಡುಗ ವಿರ್ಜಿಲಿಯೊ ಲೆವ್ರಾಟ್ಟೊ. ಹೊಡೆತಕ್ಕೆ ಬಲೆಯೇ ಹರಿಯಿತು ಅಂತ ಕಥೆ. ದೊಡ್ಡವರಿಲ್ಲದೆ ಹುಟ್ಟಿದ ಕಪ್ ಈಗ ದೊಡ್ಡವರ ಕ್ಯಾಲೆಂಡರ್ ನೋಡಿಕೊಂಡು ಬದುಕುತ್ತಿದೆ.

ನಡೆಸುವವರು ಯಾರು?

ಇಷ್ಟಕ್ಕೂ ಈ ಬದಲಾವಣೆ ಮಾಡಿದ್ದು ಯಾರು? ನಿಜವಾದ ಉತ್ತರ ಇಲ್ಲಿದೆ. ಇಂಗ್ಲೆಂಡ್‌ನ ಎಫ್ಎ ಕಪ್ ನಡೆಸುವುದು ಅಲ್ಲಿನ ಫುಟ್‌ಬಾಲ್ ಫೆಡರೇಶನ್. ಫ್ರಾನ್ಸ್, ಜರ್ಮನಿ, ಸ್ಪೇನ್‌ನಲ್ಲೂ ಹಾಗೇ. ಫೆಡರೇಶನ್ ಅಂದರೆ ಹಳ್ಳಿಯ ಕ್ಲಬ್‌ನಿಂದ ಹಿಡಿದು ಎಲ್ಲರೂ ಸೇರಿದ ಸಂಸ್ಥೆ. ಇಟಲಿಯಲ್ಲಿ ಕಪ್ ನಡೆಸುವುದು ಲೇಗಾ ಸೀರಿ ಎ. ಅಂದರೆ ಮೊದಲ ದರ್ಜೆಯ 20 ಕ್ಲಬ್‌ಗಳದ್ದೇ ಒಕ್ಕೂಟ. ಟಿವಿ ಹಕ್ಕು ಮಾರುವುದೂ ಅವರೇ, ಸೂಪರ್ ಕಪ್ಪನ್ನು ಸೌದಿಗೆ ಒಯ್ದದ್ದೂ ಅವರೇ. ಟೂರ್ನಿಯ ನಿಯಮ ಬರೆಯುವವರು ಮತ್ತು ಅದರಲ್ಲಿ ಆಡುವವರು ಒಬ್ಬರೇ ಆದಾಗ ನಿಯಮ ಯಾರ ಕಡೆ ವಾಲುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅವರ ವಾದವನ್ನು ಸುಮ್ನೆ ತಳ್ಳಿಹಾಕುವಂತೆಯೂ ಇಲ್ಲ. ಮೊದಲನೆಯದು ಸಮಯ. 2024ರಿಂದ ಯುರೋಪಿನ ಟೂರ್ನಿಗಳು ಹಿಗ್ಗಿವೆ. ಚಾಂಪಿಯನ್ಸ್ ಲೀಗ್‌ನ ಮೊದಲ ಹಂತದಲ್ಲೇ ಆರರ ಬದಲು ಎಂಟು ಪಂದ್ಯ. 2025ರ ಬೇಸಿಗೆಯಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ಬೇರೆ ಬಂತು. ಇಂಟರ್ ಮತ್ತು ಜುವೆಂಟಸ್ ಅಮೆರಿಕಕ್ಕೆ ಹೋಗಿ ಆಡಿ ಬಂದವು. ಆಟಗಾರರಿಗೂ ಎರಡೇ ಕಾಲು.

ಎರಡನೆಯದು ದುಡ್ಡು. ಕಪ್ಪಿನ ಪಂದ್ಯ ತೋರಿಸುವ ಮೀಡಿಯಾಸೆಟ್‌ಗೆ ಬೇಕಾದದ್ದು ಮಿಲಾನ್–ಇಂಟರ್ ಸೆಮಿಫೈನಲ್. ಆಗಸ್ಟ್‌ನಲ್ಲಿ ಖಾಲಿ ಗ್ಯಾಲರಿ ಮುಂದೆ ನಡೆಯುವ ಪಂದ್ಯ ಯಾವ ಚಾನೆಲ್‌ಗೂ ಲಾಭ ತರುವುದಿಲ್ಲ. ಒಂದೇ ಪಂದ್ಯದಲ್ಲಿ ಮುಗಿಸಬಹುದಾದ ಸೆಮಿಫೈನಲ್ ಎರಡು ಪಂದ್ಯವಾಗಿ ಉಳಿದಿರುವುದೂ ಇದೇ ಲೆಕ್ಕದಿಂದ. ಆದರೆ ಇಲ್ಲಿ ಮೊದಲ ವಾದ ಸ್ವಲ್ಪ ಎಡವುತ್ತದೆ. ಸಮಯ ಇಲ್ಲ ಅನ್ನುವವರು ಸೆಮಿಫೈನಲ್‌ಗೆ ಇನ್ನೊಂದು ಬುಧವಾರ, ಸೌದಿಗೆ ಒಂದು ಇಡೀ ವಾರ ಹುಡುಕಿಕೊಳ್ಳುತ್ತಾರೆ.

ಮತ್ತೊಂದು ಮಾತು. ಸೀರಿ ಸಿಯ ಸಣ್ಣ ಕ್ಲಬ್‌ಗಳಿಂದ ದೊಡ್ಡವರ ದಣಿವು ಹೆಚ್ಚುವುದು ಹೇಗೆ? ಶ್ರೇಯಾಂಕದವರು ಬರುವುದೇ ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲು ಎಷ್ಟು ಸುತ್ತು ನಡೆದರೂ ಅವರ ಕಾಲಿಗೆ ಏನೂ ಆಗುವುದಿಲ್ಲ. 78ರಿಂದ 44ಕ್ಕೆ ಇಳಿಸಿದ್ದರಿಂದ ಕಡಿಮೆಯಾದದ್ದು ಕೆಳಗಿನವರ ಪಂದ್ಯಗಳೇ ಹೊರತು ಮೇಲಿನವರದ್ದಲ್ಲ. ದಣಿವಿನ ವಾದ ಇಲ್ಲಿಗೆ ಹೊಂದುವುದಿಲ್ಲ ಅನ್ನುವುದು ಈ ಲೇಖಕನ ಅಭಿಪ್ರಾಯ.

ಎಂಪೊಲಿಗೆ ಸಿಕ್ಕ ಸಂದು

ದೊಡ್ಡವರಿಗಾಗಿ ಬರೆದ ನಿಯಮ ಯಾವಾಗಲೂ ದೊಡ್ಡವರ ಮಾತು ಕೇಳುತ್ತದೆ ಅಂತೇನಿಲ್ಲ. 2024–25ರಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಹೆಚ್ಚುವರಿ ಸಮಯ ಇರಲಿಲ್ಲ. 90 ನಿಮಿಷಕ್ಕೆ ಸಮಬಲವಾದರೆ ನೇರ ಪೆನಾಲ್ಟಿ. ಆಟಗಾರರ 30 ನಿಮಿಷ ಉಳಿಸುವ ಉಪಾಯ.

ಆದರೆ ಆ 30 ನಿಮಿಷದಲ್ಲೇ ದೊಡ್ಡ ತಂಡದ ಬೆಂಚ್ ಕೆಲಸಕ್ಕೆ ಬರುವುದು. ಬೆಂಚ್ ಮೇಲೆ ಕೋಟಿಗಟ್ಟಲೆ ಬೆಲೆಯ ನಾಲ್ವರು ಕೂತಿದ್ದರೆ 100ನೇ ನಿಮಿಷದಲ್ಲಿ ಸುಸ್ತಾದ ಸಣ್ಣ ತಂಡವನ್ನು ಮುರಿಯುವುದು ಸುಲಭ. ಅದನ್ನು ತೆಗೆದಾಗ ಲಾಭ ಆದದ್ದು ಎಂಪೊಲಿಗೆ. ಅವರು 16ರ ಘಟ್ಟದಲ್ಲಿ ಫಿಯೊರೆಂಟಿನಾ ಅಂಗಣದಲ್ಲಿ 2–2 ಮಾಡಿ ಪೆನಾಲ್ಟಿಯಲ್ಲಿ ಗೆದ್ದರು. 2025ರ ಫೆಬ್ರವರಿ 26ರಂದು ಟ್ಯೂರಿನ್‌ನಲ್ಲಿ ಜುವೆಂಟಸ್ ವಿರುದ್ಧ 1–1, ಪೆನಾಲ್ಟಿಯಲ್ಲಿ 4–2. ಕ್ಲಬ್‌ನ ಚರಿತ್ರೆಯಲ್ಲೇ ಮೊದಲ ಸೆಮಿಫೈನಲ್. ಆ ರಾತ್ರಿ ಜುವೆಂಟಸ್ ಕೋಚ್ ಆಗಿದ್ದ ತಿಯಾಗೊ ಮೊಟ್ಟಾ ತಿಂಗಳೊಳಗೆ ಕೆಲಸ ಕಳೆದುಕೊಂಡರು. ಬೊಲೋನ್ಯಾವನ್ನು ಲೀಗ್‌ನಲ್ಲಿ ಐದನೇ ಸ್ಥಾನಕ್ಕೆ ತಂದು, ಕಪ್ಪಿನಲ್ಲಿ ಅದಕ್ಕೆ ಶ್ರೇಯಾಂಕ ಸಿಗುವಂತೆ ಮಾಡಿ ಹೋಗಿದ್ದವರು ಇದೇ ಮೊಟ್ಟಾ. ಎಂಪೊಲಿ ಆ ಸೀಸನ್ ಕೊನೆಗೆ ಸೀರಿ ಬಿಗೆ ಇಳಿಯಿತು.

ಸ್ಪೇನ್ ಎರಡನ್ನೂ ಮಾಡಿತು

ಸೌದಿ ದುಡ್ಡೂ ಬೇಕು, ಕಪ್ಪಿನ ಬಾಗಿಲೂ ತೆರೆದಿರಬೇಕು, ಇದು ಆಗುತ್ತದಾ? ಸ್ಪೇನ್ ಮಾಡಿ ತೋರಿಸಿದೆ. 2019–20ರಲ್ಲಿ ಸ್ಪೇನ್ ತನ್ನ ಸೂಪರ್ ಕಪ್ಪನ್ನು ನಾಲ್ಕು ತಂಡಗಳ ಟೂರ್ನಿ ಮಾಡಿ ಸೌದಿಗೆ ಒಯ್ದಿತು. ಇಟಲಿ ಆಮೇಲೆ ಹಿಡಿದದ್ದು ಅದೇ ದಾರಿ. ಅದೇ ವರ್ಷ ಸ್ಪೇನ್ ತನ್ನ ಕಪ್ ಆದ ಕೋಪಾ ಡೆಲ್ ರೇಯನ್ನೂ ಬದಲಿಸಿತು: ಸೆಮಿಫೈನಲ್‌ವರೆಗೆ ಒಂದೇ ಪಂದ್ಯ, ಮೊದಲ ಸುತ್ತುಗಳಲ್ಲಿ ಅದು ಕೆಳ ದರ್ಜೆಯ ತಂಡದ ಅಂಗಣದಲ್ಲಿ.

ಪರಿಣಾಮ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. ಬಾರ್ಸಿಲೋನಾ ಇಬಿಜಾ ದ್ವೀಪದ ಕೃತಕ ಹುಲ್ಲಿನ ಅಂಗಣಕ್ಕೆ ಹೋಗಿ ಹಿಂದೆ ಬಿದ್ದು, ಕಷ್ಟಪಟ್ಟು 2–1ರಿಂದ ಗೆದ್ದಿತು. ಎರಡನೇ ದರ್ಜೆಯ ಮಿರಾಂದೆಸ್ ಸೆಮಿಫೈನಲ್‌ಗೆ ಬಂತು. 2021ರ ಜನವರಿಯಲ್ಲಿ ಮೂರನೇ ದರ್ಜೆಯ ಅಲ್ಕೊಯಾನೊ ರಿಯಲ್ ಮ್ಯಾಡ್ರಿಡ್ ಅನ್ನು 2–1ರಿಂದ ಕೆಡವಿತು. ಅವರ ಗೋಲ್‌ಕೀಪರ್‌ಗೆ 41 ವರ್ಷ. ದೊಡ್ಡ ಕ್ಲಬ್‌ಗಳು ಇದರಿಂದ ದಿವಾಳಿ ಆಗಲಿಲ್ಲ. ಪಂದ್ಯಗಳ ಸಂಖ್ಯೆಯೂ ಕಡಿಮೆಯಾಯಿತು.

ಜರ್ಮನಿಯಲ್ಲೂ ಮೊದಲ ಸುತ್ತಿನಲ್ಲಿ ಸಣ್ಣವರಿಗೇ ತವರು. ಬೊಲೋನ್ಯಾ ಕಪ್ ಗೆದ್ದ ಅದೇ 2025ರ ಮೇ ತಿಂಗಳಲ್ಲಿ ಜರ್ಮನಿಯ ಕಪ್ ಫೈನಲ್ ಆಡಿದ್ದು ಮೂರನೇ ದರ್ಜೆಯ ಆರ್ಮಿನಿಯಾ ಬೀಲೆಫೆಲ್ಡ್. ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಲೆವರ್‌ಕುಸೆನ್ ಅನ್ನು ಹೊರಹಾಕಿ ಬಂದಿದ್ದರು. ಫೈನಲ್‌ನಲ್ಲಿ ಸ್ಟುಟ್‌ಗಾರ್ಟ್ 4–2ರಿಂದ ಗೆದ್ದಿತು.

ಇಟಲಿ ಸ್ಪೇನ್‌ನ ಸುಧಾರಣೆಯಲ್ಲಿ ಅರ್ಧ ಮಾತ್ರ ತೆಗೆದುಕೊಂಡಿತು, ದುಡ್ಡು ಬರುವ ಅರ್ಧ.

ಮುಂದೇನು?

ಸದ್ಯಕ್ಕೆ ಬಾಗಿಲು ಅಗಲವಾಗುವ ಸೂಚನೆ ಇಲ್ಲ. ಜಾಗ ಮಾಡಬೇಕಾದರೆ ಸುಲಭದ ದಾರಿ ಸೀರಿ ಎಯನ್ನು 18 ತಂಡಕ್ಕೆ ಇಳಿಸುವುದು. 38ರ ಬದಲು 34 ಪಂದ್ಯವಾದರೆ ನಾಲ್ಕು ವಾರ ಖಾಲಿ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಆ ವಿಷಯ ಮತಕ್ಕೆ ಬಂದಾಗ 16 ಕ್ಲಬ್ ಬೇಡ ಅಂದವು. ಇಂಟರ್, ಮಿಲಾನ್, ಜುವೆಂಟಸ್, ರೋಮಾ ಮಾತ್ರ ಪರ. ಕೆಳಗಿನ ಕ್ಲಬ್‌ಗಳ ಭಯ ಅರ್ಥವಾಗುವಂಥದ್ದೇ. ಎರಡು ಜಾಗ ಹೋದರೆ ಹೋಗುವುದು ತಮ್ಮದೇ ಅಂತ ಅವಕ್ಕೆ ಗೊತ್ತು.

ಇನ್ನೊಂದು ದಾರಿ ಅಗ್ಗದ್ದು. ಒಂದು ಪಂದ್ಯವನ್ನೂ ಹೆಚ್ಚಿಸದೆ ಅಂಗಣ ಮಾತ್ರ ಅದಲು ಬದಲು ಮಾಡಬಹುದು: ಎರಡು ತಂಡಗಳಲ್ಲಿ ಕೆಳ ದರ್ಜೆಯದ್ದಕ್ಕೆ ತವರು. ಸಣ್ಣ ಊರಿಗೆ ವರ್ಷದ ಟಿಕೆಟ್ ಹಣ ಒಂದೇ ರಾತ್ರಿ ಬರುತ್ತದೆ, ಚಾನೆಲ್‌ಗೂ ಖಾಲಿ ಸಾನ್ ಸಿರೊ ಬದಲು ತುಂಬಿದ ಪುಟ್ಟ ಅಂಗಣ ಸಿಗುತ್ತದೆ. ಅಡ್ಡಿ ಇರುವುದು ಅಂಗಣಗಳ ಸ್ಥಿತಿಯಲ್ಲಿ. ಅಲೆಸ್ಸಾಂಡ್ರಿಯಾ ಟ್ಯೂರಿನ್‌ಗೆ ಹೋದ ಹಾಗೆ ಎಷ್ಟೋ ಕ್ಲಬ್‌ಗಳು ಊರು ಬಿಟ್ಟೇ ಆಡಬೇಕಾದೀತು. ಜೊತೆಗೆ ಶ್ರೇಯಾಂಕದ ಎಂಟು ಕ್ಲಬ್‌ಗಳು ತಮಗೆ ಸಿಗುವ ತವರಿನ ಪಂದ್ಯ ಬಿಟ್ಟುಕೊಡಬೇಕು.

ಕಪ್ಪಿನ ಈಗಿನ ಟಿವಿ ಒಪ್ಪಂದ 2027ಕ್ಕೆ ಮುಗಿಯುತ್ತದೆ, ಯುರೋಪಿನ ಟೂರ್ನಿಗಳ ಈಗಿನ ಆವರ್ತವೂ ಅದೇ ವರ್ಷಕ್ಕೆ. ಪದ್ಧತಿ ಬದಲಾಗುವುದಾದರೆ ಹೊಸ ಹಕ್ಕು ಮಾರುವ ಹೊತ್ತಿಗೇ ಆಗಬೇಕು. ಆಗ ಮತ ಹಾಕುವವರು ಅದೇ 20 ಕ್ಲಬ್. ಅದರಲ್ಲಿ ಆಗಸ್ಟ್‌ನಲ್ಲೇ ಆಡಲು ಶುರುಮಾಡುವವರು 12, ಡಿಸೆಂಬರ್‌ವರೆಗೆ ಕಾಯುವವರು ಎಂಟು.